ಬರ್ಫದ ಹಾಕಿಯ ಹಿರಿಯರಿಗೆ, ನಮ್ಮ ಶಾಲೆಯ ಒಂದೇ ಬೆಂಚಿನ ವಿಷಯವಾಗಿ

ಮುಕ್ಕಾಂ ಸಿಂದಗಿ, ಜಿಲ್ಲಾ ವಿಜಾಪುರ
ಏಪ್ರಿಲ್ ೧೯೬೭

ಮಂಜುಗಡ್ಡೆಯ ಮೇಲೆ ಹಾಕಿ ಆಡಿಸುವ ಮಹಾಮಂಡಳಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಬಾವಿಯ ಹಗ್ಗವೂ ಕೈ ಸುಡುವ ಈ ಬಿಸಿಲಿನ ಸಿಂದಗಿಯಿಂದ, ಕೆರೆಗಳೇ ಕಲ್ಲಾಗಿ ನಿಲ್ಲುವ ತಮ್ಮ ತಣ್ಣನೆಯ ದೇಶಕ್ಕೆ ಸಾವಿರ ಶರಣು, ಅಷ್ಟೇ ಸಲಾಮು. ತಮ್ಮ ಹೆಸರು ನನಗೆ ತಿಳಿಯದು, ವಿಳಾಸವೂ ತಿಳಿಯದು. ಆದರೂ ಇಷ್ಟು ದೊಡ್ಡ ಉಪಕಾರ ಮಾಡಿದವರನ್ನು ಟಪಾಲಿನವರು ಹೇಗಾದರೂ ಹುಡುಕಿಯಾರು ಎಂಬ ಭರವಸೆಯಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಾನು ಇಲ್ಲಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ. ತಮ್ಮ ಆಟದ ದೆಸೆಯಿಂದ ನನ್ನ ತಮ್ಮ ಜೈನುದ್ದೀನನ ಬಲಗೈಯ ಎರಡು ಬೆರಳು ಮುರಿದಿವೆ. ತಾವು ಅವನನ್ನು ನೋಡಿಲ್ಲ. ಅವನಾದರೋ ಮಂಜುಗಡ್ಡೆಯನ್ನು ಸೋಡಾ ಅಂಗಡಿಯ ಕಟ್ಟಿಗೆ ಹೊಟ್ಟಿನ ಚೀಲದಲ್ಲಲ್ಲದೆ ಬೇರೆಲ್ಲೂ ನೋಡಿಲ್ಲ. ಅಷ್ಟು ದೂರದಿಂದ ಇಷ್ಟು ಗುರಿಯಿಟ್ಟು ಮುರಿಯುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ, ಮೊದಲಿಗೆ ಅದಕ್ಕಾಗಿ ಅಭಿನಂದನೆಗಳು.

ಅದು ಹೇಗಾಯಿತೆಂದು ತಾವು ಕೇಳುವುದು ಸಹಜ. ಹೋದ ಚಳಿಗಾಲದಲ್ಲಿ ಪಕ್ಕದ ಇಂಡಿ ಊರಿನ ಬಯಲಿಗೆ ಸಿನೇಮಾ ತೋರಿಸುವ ವ್ಯಾನು ಬಂದಿತ್ತು. ಗೊಬ್ಬರ ಹಾಕುವ ರೀತಿ, ಮಲೇರಿಯಾ ಸೊಳ್ಳೆಯ ಜೀವನ ಚರಿತ್ರೆ ಇವೆಲ್ಲ ಮುಗಿದ ಮೇಲೆ, ಕೊನೆಗೆ ಬಾಯಿಗೆ ಸಿಹಿಯೆಂಬಂತೆ ತಮ್ಮ ಆಟದ ಒಂದು ರೀಲು ಬಿಟ್ಟರು. ಅದರಲ್ಲಿ ಕಾಲಿಗೆ ಕತ್ತಿ ಕಟ್ಟಿಕೊಂಡ ಇಬ್ಬರು ಪೈಲವಾನರು ಕೋಲು ಬಿಸುಟು, ಅಂಗಿಯ ಕೊರಳುಪಟ್ಟಿ ಹಿಡಿದು ಗುದ್ದಾಡಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಪಂಚರು ಇಬ್ಬರನ್ನೂ ಕರೆದೊಯ್ದು ಐದು ನಿಮಿಷ ಬೇರೆ ಬೇರೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಅವರು ಮದುವೆಮನೆಯ ನೆಂಟರ ಹಾಗೆ ಎದ್ದು ಮತ್ತೆ ಆಡಲು ಹೋದರು. ರೀಲಿನ ಇಂಗ್ಲಿಷು ನಮಗೆ ತಿಳಿಯದಿದ್ದರೂ, ಮುಂಬಯಿಯಲ್ಲಿ ಕೆಲಕಾಲ ಇದ್ದು ಬಂದ ಬಸ್ ಏಜೆಂಟ ಬಾಬುಲಾಲ ಅಲ್ಲೇ ಕೂಗಿ ಅರ್ಥ ಬಿಡಿಸಿದ: "ಇದು ಜಗಳ ಅಲ್ಲರಿ, ಇದೂ ಆಟದಾಗಿಂದ ಐತಿ! ಬಡದಾಡಾಕಂತನ ಪಗಾರ ಕೊಟ್ಟು ಒಬ್ಬೊಬ್ಬನ್ನ ಇಟ್ಟಿರ್ತಾರ!"

ಆ ಮಾತು ಕೇಳಿ ಜ್ಞಾನೋದಯವಾದದ್ದು ನಮ್ಮ ನಾಲ್ಕು ತಾಲೂಕಿನ ಹುತುತು ಪಂದ್ಯಗಳ ಕಮಿಟಿಯ ಅಧ್ಯಕ್ಷರೂ ಸಿಂದಗಿಯ ಅಡತಿ ವ್ಯಾಪಾರಿಗಳೂ ಆದ ಅಪ್ಪಾಸಾಬ ಸಾವುಕಾರರಿಗೆ. ತಮಗೆ ತಿಳಿಯದಿರಬಹುದು, ಹುತುತು ಎಂದರೆ ಉಸಿರು ಹಿಡಿದು ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮುಟ್ಟಿ ಬರುವ ಬಡ ಆಟ. ಬರಿಗಾಲು, ಬರಿಮೈ, ಕೋಲಿಲ್ಲ, ಕತ್ತಿಯಿಲ್ಲ. ಇಷ್ಟು ದಿನ ಇದರಲ್ಲಿ ಹೊಡೆದಾಟ ಆಗುತ್ತಿರಲಿಲ್ಲವೆಂದಲ್ಲ, ಬೇಕಾದಷ್ಟು ಆಗುತ್ತಿತ್ತು. ಆದರೆ ಅದು ಹೊಡೆದಾಟವೆಂದು ನಾವು ಅಡವಿ ಜನ ನಾಚಿಕೊಂಡು, ಬಿಡಿಸಿ, ಮನೆಗೆ ಕಳಿಸುತ್ತಿದ್ದೆವು. ಸುಧಾರಿಸಿದ ದೇಶಗಳಲ್ಲಿ ಅದಕ್ಕೊಂದು ಬೆಂಚು ಇರುತ್ತದೆಂದು ನಮಗೆ ಹೇಳುವವರೇ ಇರಲಿಲ್ಲ. "ಒಬ್ಬನ್ನ ಬಡ್ಯಾಕ ಇಟ್ರ ಉಳಿದವ್ರು ಶಾಂತರೀತಿಲೆ ಆಡ್ತಾರ್ರಿ ಅಕ್ಕಾರ" ಎಂದು ಸಾವುಕಾರರು ನನಗೂ ಬೋಧಿಸಿದರು. ಎಷ್ಟು ಉದಾತ್ತ ವಿಚಾರ! ಇದೇ ರೀತಿ ಮದುವೆಗಳಲ್ಲಿ ಬೀಗರ ಕಡೆಯಿಂದ ಒಬ್ಬರು, ಬೀಗತಿಯರ ಕಡೆಯಿಂದ ಒಬ್ಬರು ಪಗಾರದ ಜಗಳಗಂಟರನ್ನು ಕೂಡಿಸಿದರೆ ಉಳಿದವರು ಶಾಂತರೀತಿಯಿಂದ ಊಟ ಮಾಡಬಹುದು. ನನ್ನ ಶಾಲೆಯಲ್ಲಿಯೂ ಚಿವುಟುವುದಕ್ಕೆಂದೇ ಒಬ್ಬ ಹುಡುಗಿಯನ್ನು ನೇಮಿಸುವ ಬಗ್ಗೆ ಮೇಲಧಿಕಾರಿಗಳಿಗೆ ಬರೆಯಬೇಕೆಂದಿದ್ದೇನೆ.

ನಿಯಮ ಬಂತು, ಬೆಂಚು ಬರಬೇಕಲ್ಲ? ನಮ್ಮ ಹುಡುಗಿಯರು ನೆಲದ ಮೇಲೆ ಕೂತು ಕಲಿಯುವವರು. ಶಾಲೆಗೆ ಇರುವುದು ಒಂದೇ ಬೆಂಚು, ಅದೂ ತಪಾಸಣೆಯವರು ಬಂದರೆ ಕೂರಲಿಕ್ಕೆ. ಸಾವುಕಾರರು ಅದನ್ನೇ ಹೊತ್ತೊಯ್ದು ಬಸ್ಸಿನ ಟಪ್ಪಿನ ಮೇಲೆ ಕಟ್ಟಿ ಊರೂರು ಮೆರೆಸತೊಡಗಿದರು. ತಮ್ಮಲ್ಲಿ ಎರಡು ಕಡೆಯವರಿಗೆ ಎರಡು ಬೇರೆ ಬೇರೆ ಕಟಕಟೆ ಇರುತ್ತವೆಂದು ರೀಲಿನಲ್ಲಿ ಎಲ್ಲರೂ ನೋಡಿದ್ದರು. ಆದರೆ ಒಂದು ಬೆಂಚಿನಲ್ಲಿ ಆಗುವ ಕೆಲಸಕ್ಕೆ ಎರಡು ಯಾಕೆಂದು ಕಮಿಟಿಯವರು ತಮಗಿಂತ ಒಂದು ಹೆಜ್ಜೆ ಮುಂದೆ ಹೋದರು. ಈ ಒಂದು ತಪ್ಪನ್ನು ತಾವು ಕ್ಷಮಿಸಬೇಕು, ಮುಂದಿನದೆಲ್ಲ ಇದರಿಂದಲೇ ಆಯಿತು.

ಇನ್ನು ಹೊಡೆಯುವವನು. ನನ್ನ ತಮ್ಮನಿಗೆ ಆಟ ಬರುವುದಿಲ್ಲ, ಎರಡು ಮಾರು ಓಡಿದರೆ ಉಸಿರು ಬಿಡುತ್ತಾನೆ. ಆದರೆ ತಲೆತಲಾಂತರದಿಂದ ಬಳೆಯ ಮಲಾರ ಹೊತ್ತು ಹಳ್ಳಿ ತಿರುಗಿದ ಮನೆತನದವನಾದ್ದರಿಂದ ಹೆಗಲು ಬಾಗಿಲಿನಷ್ಟು ಅಗಲ. ಸಾವುಕಾರರು ಅವನನ್ನು "ಸಿಂದಗಿ ಹುಲಿ" ಎಂದು ಒಮ್ಮೆ ಕರೆದರು, ಅಷ್ಟೇ ಸಾಕಾಯಿತು, ನಮ್ಮ ಹುಚ್ಚಪ್ಪ ಉಬ್ಬಿಹೋದ. ಬಳೆಗಾರನ ಕೈ ಎಂಥದೆಂದು ತಮಗೆ ತಿಳಿಯದು. ಗಾಜಿನ ಬಳೆಯನ್ನು ಹೆಣ್ಣುಮಗಳ ಗೆಣ್ಣಿನ ಮೇಲೆ ನೋಯದಂತೆ, ಒಡೆಯದಂತೆ ಜಾರಿಸಬೇಕು. ತೊಡಿಸುವಾಗ ಒಡೆದರೆ ನಷ್ಟ ಬಳೆಗಾರನದು, ಅಪಶಕುನದ ಮಾತು ಬೇರೆ. ಅಂಥ ಕೈಯನ್ನು ಗುದ್ದುವುದಕ್ಕೆ ಹಚ್ಚುವ ಬುದ್ಧಿ ಹೊಳೆಯಬೇಕಾದರೆ ಹೊರದೇಶದ ರೀಲೇ ಬೇಕಾಗುತ್ತದೆ.

ಬಸವನ ಬಾಗೇವಾಡಿಯ ಪಂದ್ಯಕ್ಕೆ ನಾನೂ ಹೋಗಿದ್ದೆ, ಬೆಂಚು ಕಾಯುವುದಕ್ಕೆ. ಅವರ ಕಡೆಯ ಹೊಡೆಯುವವನು ಮಲ್ಲಣ್ಣ, ನಮ್ಮ ಊರಿನ ಹತ್ತಿರದ ಹಳ್ಳಿ ಕನ್ನೊಳ್ಳಿಯ ಅಳಿಯ. ಅವನ ಹೆಂಡತಿ ದುರ್ಗವ್ವನ ಕೈಗೆ ಮೊದಲ ಬಳೆ ತೊಡಿಸಿದವರು ನಮ್ಮ ಅಪ್ಪ, ಆಮೇಲೆ ಎಲ್ಲ ಬಳೆ ತೊಡಿಸಿದವನು ಜೈನುದ್ದೀನ. ಸಾವುಕಾರರು ಕೆಂಪು ಟಾವೆಲು ಬೀಸಿದ ಕೂಡಲೇ ಇವರಿಬ್ಬರೂ ಹೇಳಿದ ಮಾತಿನಂತೆ ಎದ್ದು, ಕಾರಣವಿಲ್ಲದೆ, ಸಿಟ್ಟಿಲ್ಲದೆ ಗುದ್ದಾಡಿದರು. ಜನ ಕುಣಿದಾಡಿದರು. ನನ್ನ ತಮ್ಮನ ಮುಷ್ಟಿ ಮಲ್ಲಣ್ಣನ ದವಡೆಗೆ ಬಿದ್ದದ್ದು ನನಗೆ ಹಿಂದೆ ಕೂತಲ್ಲಿಗೇ ಕೇಳಿಸಿತು. ಸೀಟಿ ಊದಿ ಇಬ್ಬರನ್ನೂ ತಂದು ನಮ್ಮ ಬೆಂಚಿನ ಮೇಲೆ, ಒಬ್ಬರ ತೊಡೆಗೆ ಒಬ್ಬರ ತೊಡೆ ತಾಗುವಂತೆ ಕೂರಿಸಿದರು.

ಆಮೇಲೆ ಮಲ್ಲಣ್ಣ ದವಡೆ ಒತ್ತಿಕೊಳ್ಳುತ್ತ, "ಹಿಂಗಾ ಬಡಿಯೋದು ಜೈನ್ಯಾ? ಹಲ್ಲು ಅಳ್ಳಾಡಾಕತ್ತಾವಲೇ" ಎಂದ. "ಬಡಿ ಅಂದ್ರು, ಬಡದ್ನಿ. ನನ್ನ ಬಟ್ಟು ನೋಡಿಲ್ಲಿ" ಎಂದು ಇವನು ಕೈ ಚಾಚಿದ. ಬೆರಳುಗಳು ಬದನೆಕಾಯಿಯಂತೆ ಬಾತು, ತಿರುಗಬಾರದ ಕಡೆಗೆ ತಿರುಗಿದ್ದವು. ಮಲ್ಲಣ್ಣ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದವನು ಒಮ್ಮೆಲೇ ಗಾಬರಿಯಾದ: "ಅಯ್ಯ ಶಿವನ! ಬರೋ ಗುರುವಾರ ದುರ್ಗಿ ಕುಬಸ ಐತಲ್ಲೋ! ಹಸರ ಬಳಿ ಯಾರು ಇಡಾವ್ರು?" ಕುಬಸವೆಂದರೆ ಬಸುರಿಗೆ ತವರಿನಲ್ಲಿ ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಶುಭಕಾರ್ಯ. ಮಾನ್ಯರೇ, ಐದು ನಿಮಿಷ ಮುಗಿದರೂ ಅವರು ಏಳಲಿಲ್ಲ, ಅವರನ್ನು ಎಬ್ಬಿಸಿ ಕಳಿಸಬೇಕಾಯಿತು. ಹೊಡೆದವರನ್ನು ಜೊತೆಯಲ್ಲಿ ಕೂರಿಸಿದರೆ ಹೀಗೆ ಮಾತು ಹುಟ್ಟುವ ಅಪಾಯವಿದೆಯೆಂದೇ ತಾವು ಎರಡು ಕಟಕಟೆ ಮಾಡಿಸಿದ್ದೀರೆಂದು ನನಗೆ ಆಗ ಹೊಳೆಯಿತು. ಎಂಥ ದೂರದೃಷ್ಟಿ!

ಎಲುಬು ಕಟ್ಟುವ ಸಿದ್ದವ್ವ ಬಿದಿರಿನ ಸೀಳು ಇಟ್ಟು ಬೆರಳು ಬಿಗಿದು, "ಇನ್ನೊಂದು ಏಟು ಬಿತ್ತಂದ್ರ ಮಡಚೂದು ಮರೀರಿ" ಎಂದಳು. ಬೇರೆ ಬಳೆಗಾರನನ್ನು ಕರೆಸೋಣವೆಂದು ಹಿರಿಯರು ಹೇಳಿದರೆ ದುರ್ಗವ್ವ ಕೇಳಲಿಲ್ಲ: "ಇಟ್ರ ಜೈನೂ ಅಣ್ಣ ಇಡಬೇಕು. ಇಲ್ಲಾಂದ್ರ ಬರೇ ಕೈಲೆ ಕುಂದರ್ತೇನಿ." ಹೀಗಾಗಿ ಕನ್ನೊಳ್ಳಿಯ ಪಡಸಾಲೆಯಲ್ಲಿ ಹಿಂದೆಂದೂ ಯಾರೂ ಕಾಣದ ಕುಬಸ ನಡೆಯಿತು. ಜೈನುದ್ದೀನ ಎಡಗೈಯಿಂದ ದುರ್ಗವ್ವನ ಗೆಣ್ಣು ಒತ್ತಿ ಹಿಡಿದ, ಅವನ ಬಲಗೈಯಾಗಿ ಮಲ್ಲಣ್ಣ ಬಳೆ ಸರಿಸಿದ. ಹೆಂಗಸರ ನಡುವೆ ಈ ಇಬ್ಬರು ಪಗಾರದ ಪೈಲವಾನರು ಬೆವರು ಸುರಿಸುತ್ತ ಕೂತದ್ದನ್ನು ತಾವು ನೋಡಬೇಕಿತ್ತು. "ಹಗೂರಕ್ಕ ಮಲ್ಲ್ಯಾ, ಅದು ಬಳಿ ಐತಿ, ದವಡಿ ಅಲ್ಲ" ಎಂದು ಇವನು ಹೇಳಿದಾಗ ಮುದುಕಿಯರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಂದು ಬಳೆಯೂ ಒಡೆಯಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ ನನ್ನ ತಮ್ಮ ಹಿತ್ತಿಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. "ಹೇಳಿಕೊಡೂದು ಬ್ಯಾರೆ ಅಕ್ಕಾ, ಇಡೂದು ಬ್ಯಾರೆ" ಎಂದ. ಅದನ್ನು ಕೇಳಿ ನನಗಾದದ್ದನ್ನು ಮರ್ಯಾದೆಯ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಇಷ್ಟರಲ್ಲಿ ಮುದ್ದೇಬಿಹಾಳದ ಫೈನಲ್ಲಿಗೆ ಸಿಂದಗಿ ಹುಲಿ ಮತ್ತು ಬಾಗೇವಾಡಿ ಸಿಂಹದ ಕಾದಾಟವೆಂದು ಹಸ್ತಪತ್ರಿಕೆ ಅಚ್ಚಾಗಿ ಹಂಚಿಹೋಗಿತ್ತು. ಬೇಡವೆಂದು ನಾನು ಬೈದೆ, ಅತ್ತೆ, ಕೈಮುಗಿದೆ. "ಮಾತು ಕೊಟ್ಟೇನಿ" ಎಂದು ನನ್ನ ತಮ್ಮ, ಬಿದಿರಿನ ಸೀಳಿನ ಮೇಲೆ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿದ. ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವುಕಾರರು ಟಾವೆಲು ಬೀಸಿದರು. "ಬಡೀ! ಬಡೀ!" ಎಂದು ನಾಲ್ಕೂ ತಾಲೂಕು ಒಂದೇ ಬಾಯಲ್ಲಿ ಕೂಗಿತು. ಮಲ್ಲಣ್ಣ ದಾಪುಗಾಲು ಹಾಕಿ ಬಂದ, ಕೈ ಎತ್ತಿದ, ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಅವನು ನನ್ನ ತಮ್ಮನ ಸುತ್ತಿದ ಕೈಯನ್ನು, ಕನ್ನೊಳ್ಳಿಯಲ್ಲಿ ಕಲಿತ ಹಾಗೆ ಮಣಿಕಟ್ಟಿನ ಕೆಳಗೆ ಹಗುರಾಗಿ ಹಿಡಿದುಕೊಂಡಿದ್ದ. ಹಾಗೆಯೇ ಹಿಡಿದು ನಡೆಸಿಕೊಂಡು ಬಂದ. ಇಬ್ಬರೂ ಒಂದು ಏಟೂ ಹೊಡೆಯದೆ ಬೆಂಚಿನ ಮೇಲೆ ಕೂತುಬಿಟ್ಟರು.

ಸಾವುಕಾರರು ಧೋತರದ ಚುಂಗು ಹಿಡಿದು ಓಡಿಬಂದು, "ಏಳ್ರೋ! ಮೊದಲ ಬಡದಾಡಬೇಕು, ಆಮ್ಯಾಲೆ ಕುಂದರಬೇಕು!" ಎಂದು ಚೀರಿದರು. ಮಲ್ಲಣ್ಣ ಬಹಳ ವಿನಯದಿಂದ ಉತ್ತರ ಕೊಟ್ಟ: "ಶಿಕ್ಷಾ ಮೊದಲ ಮುಗಿಸಿಬಿಡ್ತೇವ್ರಿ ಸಾವ್ಕಾರ್ರ. ತಪ್ಪು ಮಾಡೂದು ಆಮ್ಯಾಲೆ ನೋಡೂಣು."

ಜನ ಮೊದಲು ಛೀ ಎಂದರು, ಆಮೇಲೆ ನಕ್ಕರು, ಆಮೇಲೆ ಬೇರೆ ದಾರಿಯಿಲ್ಲದೆ ಆಟ ನೋಡಿದರು. ಆಟ ಚೆನ್ನಾಗಿತ್ತಂತೆ, ನಾನು ಬೆಂಚನ್ನೇ ನೋಡುತ್ತಿದ್ದೆ. ಅವರಿಬ್ಬರೂ ಕೊನೆಯವರೆಗೆ ಏಳಲಿಲ್ಲ. ಈಗ ಕಮಿಟಿ ತಲೆ ಕೆಡಿಸಿಕೊಂಡಿದೆ: ತಪ್ಪು ಮಾಡದೆ ಶಿಕ್ಷೆ ಅನುಭವಿಸಿದವರನ್ನು ಏನು ಮಾಡಬೇಕೆಂಬುದು ಆ ರೀಲಿನಲ್ಲಿ ಇರಲಿಲ್ಲ. ಮೂಲ ಆಟದವರನ್ನೇ ಕೇಳಿರೆಂದು ನನಗೆ ಹೇಳಿದ್ದಾರೆ, ಅದಕ್ಕಾಗಿಯೇ ಈ ಪತ್ರ. ದಯಮಾಡಿ ಉತ್ತರ ಕೊಡಬೇಕು. ಜೊತೆಗೆ ನನ್ನ ಸ್ವಂತದ ಒಂದು ಪ್ರಾರ್ಥನೆ: ಬರುವ ಚಳಿಗಾಲದಲ್ಲಿ ತಮ್ಮ ಕಟಕಟೆಗಳಲ್ಲಿ ಒಂದನ್ನು ಸೌದೆಗೆ ಹಾಕಿ, ಉಳಿದ ಒಂದರಲ್ಲಿಯೇ ಇಬ್ಬರನ್ನೂ ಕೂರಿಸಿ ನೋಡಬೇಕು. ಹೆಂಡಿರು, ಮಕ್ಕಳು, ಮುರಿದ ಬೆರಳು ಇವುಗಳ ವಿಷಯ ಅವರ ನಡುವೆ ಬಂದು ಆಟ ಕೆಟ್ಟರೆ ಹೊಣೆ ನನ್ನದು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶಮ್ಶುನ್ನೀಸಾ
ಹೆಣ್ಣುಮಕ್ಕಳ ಶಾಲೆ, ಸಿಂದಗಿ

ತಾ. ಕ.: ನಿನ್ನೆ ಸಿದ್ದವ್ವ ಕಟ್ಟು ಬಿಚ್ಚಿದಳು. ಒಂದು ಬೆರಳು ಮಡಚುತ್ತದೆ, ಇನ್ನೊಂದು ಮಡಚುವುದಿಲ್ಲ. ಅವನು ಮನೆಯಲ್ಲಿ ಕೂತು ನನ್ನ ಕೈಗೇ ಬಳೆ ತೊಡಿಸಿ ತೆಗೆದು ರೂಢಿ ಮಾಡಿಕೊಳ್ಳುತ್ತಿದ್ದಾನೆ, ನಮ್ಮ ಅಂಗಳದ ತುಂಬ ಒಡೆದ ಗಾಜು. ತಮ್ಮ ರೀಲಿನಲ್ಲಿ ಹೊಡೆದಾಟ ಇತ್ತು, ಚಪ್ಪಾಳೆ ಇತ್ತು, ಹೊಡೆದಾಟದ ಮರುದಿನ ಇರಲಿಲ್ಲ. ಆ ತುಣುಕು ಕೈತಪ್ಪಿ ಅಲ್ಲಿಯೇ ಉಳಿದಿರಬೇಕು. ಸಿಕ್ಕರೆ ಕಳಿಸಿಕೊಡಿ, ಶಾಲೆಯ ಗೋಡೆಗೆ ಸುಣ್ಣ ಹೊಡೆಸಿ, ಸಾವುಕಾರರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ನೋಡುತ್ತೇವೆ.