ಆರು ಸೆಕೆಂಡಿನ ಮೌನ

ಬಾಯಿ ಮುಚ್ಚಿಕೊಂಡಿದ್ದರೆ ಫಜೀತಿಗಳು ಹತ್ತಿರ ಸುಳಿಯುವುದಿಲ್ಲ ಎಂದು ನಂಬಿ ದುಬೈಯಲ್ಲಿ ಇಪ್ಪತ್ತು ವರ್ಷ ಕಳೆದೆ. ಆದರೂ ಅವು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಈ ಸಲದವು ಬಂದದ್ದು ಕೊರಿಯಾದಿಂದ.

ಊಟದ ಹೊತ್ತು

ಹದಿನಾಲ್ಕರ ನನ್ನ ಮಗಳ ಪ್ರಾಣವಿರುವುದು ಕೊರಿಯಾದ ಐದು ಹುಡುಗರ ಒಂದು ತಂಡದಲ್ಲಿ. ಅವರ ಹೊಸ ಹಾಡು ಬರುವ ದಿನ ನನಗೆ ಆಜ್ಞೆಯಾಯಿತು: "ಪಪ್ಪಾ, ಶಾರ್ಪ್ ಒಂದು ಗಂಟೆಗೆ ಪ್ಲೇ ಮಾಡ್ಬೇಕು. ಫುಲ್ ನೋಡಿದ್ರೆ ಮಾತ್ರ ವ್ಯೂ ಕೌಂಟ್ ಆಗ್ತದೆ."

ಅಲ್ಲಿ ಸಂಜೆ ಆರು, ನಮಗದು ಊಟದ ಹೊತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಗೋದಾಮಿನಲ್ಲಿ ಫೋನನ್ನು ಮೊಸರಿನ ಡಬ್ಬಿಗೆ ಒರಗಿಸಿಟ್ಟೆ. ಎದುರು ಕೂತ ಬ್ಯಾರಿ ಸಹೋದ್ಯೋಗಿ, "ಎಂತ ಮಾರಾಯ್ರೆ, ಇವರು ಕೂದಲಿಗೆ ಪೇಯಿಂಟ್ ಹೊಡೆದದ್ದಾ?" ಎಂದು ಅನ್ನ ಮರೆತು ನೋಡತೊಡಗಿದರು. ಡೋಲಿನ ಸದ್ದು ಏರಿ ಏರಿ, ಒಮ್ಮೆಲೇ ಎಲ್ಲ ಸ್ತಬ್ಧ. ಹುಡುಗರು ಕಲ್ಲಿನಂತೆ ನಿಂತರು.

"ನೆಟ್ ಹೋಯ್ತು!" ಎಂದು ಸಹೋದ್ಯೋಗಿ ಎದ್ದು, ನನಗೆ ಉಪಕಾರ ಮಾಡಲೆಂದೇ ಗೋಡೆಯ ರೌಟರನ್ನು ಆರಿಸಿಬಿಟ್ಟರು. ನಮ್ಮ ಹಾಡು ನಿಂತಿತು. ಮೇಲಿನ ಮಹಡಿಯಲ್ಲಿ ಗ್ರಾಹಕರೊಡನೆ ವಿಡಿಯೋದಲ್ಲಿ ಮಾತಾಡುತ್ತಿದ್ದ ಮ್ಯಾನೇಜರೂ ನಿಂತರು.

ಸಂಜೆ ಮಗಳು ಹಣೆ ಚಚ್ಚಿಕೊಂಡಳು. "ಅದು ನೆಟ್ ಅಲ್ಲ ಪಪ್ಪಾ! ಆರು ಸೆಕೆಂಡ್ ಸೈಲೆನ್ಸ್. ಆಮೇಲೆ ಲೀಡರ್‌ಗೆ ಕೋಟು ಹೊದಿಸಿ ಸುತ್ತ ಡ್ಯಾನ್ಸ್ ಮಾಡ್ತಾರೆ. ದಟ್ಸ್ ದ ಬೋಲ್ಡ್ ಪಾರ್ಟ್!"

ಇಡೀ ಹಾಡಿನಲ್ಲಿ ನನಗೆ ಅರ್ಥವಾದದ್ದು ಆ ಆರು ಸೆಕೆಂಡು ಮಾತ್ರ.

ಸರ್ವಾನುಮತ

ಮುಂದಿನ ಆಸೆ ದೊಡ್ಡದು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅವಳು ನಾಲ್ವರು ಗೆಳತಿಯರೊಡನೆ ಆ ಹಾಡಿಗೆ ಕುಣಿಯಬೇಕು. ಕಟ್ಟಡದ ಪಾರ್ಕಿಂಗಿನಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿದ್ದರು. ಸಮಿತಿಯ ಒಪ್ಪಿಗೆಯೊಂದು ಬಾಕಿ. ಸಮಿತಿಯಲ್ಲಿ ನಾನೂ ಇದ್ದೇನೆ.

"ಒಂದೇ ಒಂದು ಮಾತು ಹೇಳಿ ಪಪ್ಪಾ, ಪ್ಲೀಸ್."

"ಬಾಯಿ ಬಿಟ್ರೆ ಮುತ್ತೇನೂ ಉದುರುದಿಲ್ಲ, ಹೆದರ್ಬೇಡಿ," ಎಂದಳು ಹೆಂಡತಿ.

ದೇರಾ ಬಡಾವಣೆಯ ಹೋಟೆಲೊಂದರ ಮಹಡಿಯಲ್ಲಿ ಸಭೆ. "ಕನ್ನಡ ಸಂಘದಲ್ಲಿ ಕೊರಿಯಾದ ಹಾಡಾ?" ಎಂದು ಕಾರ್ಯದರ್ಶಿಗಳು ಗುಡುಗಿದರು. "ಜನ ಉಗಿಯುದಿಲ್ವಾ? ಯಾರಿಗಾದ್ರೂ ಏನಾದ್ರೂ ಹೇಳ್ಲಿಕ್ಕುಂಟಾ?"

ಮೂರು ದಿನದಿಂದ ತಿದ್ದಿ ತೀಡಿದ್ದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೆಂದರು: "ಯಾರೂ ಮಾತಾಡ್ಲಿಲ್ಲ. ಅಂದ್ರೆ ಸರ್ವಾನುಮತ. ಖಲಾಸ್. ಬರ್ಕೊಳ್ಳಿ."

ಸಂಘದ ನಡಾವಳಿ ಬರೆಯುವವನು ನಾನೇ. ಮಗಳ ನೃತ್ಯವನ್ನು ಸರ್ವಾನುಮತದಿಂದ ತಿರಸ್ಕರಿಸಲಾಯಿತೆಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಅವಳು ಎರಡು ವಾರ ನನ್ನೊಡನೆ ಮಾತು ಬಿಟ್ಟಳು. ಮನೆಯಲ್ಲಿ ನನ್ನಂಥವರು ಇಬ್ಬರಾದರು.

ಶಾಲು, ಪೇಟ

ವಾರ್ಷಿಕೋತ್ಸವದ ಸಂಜೆ ಐವರು ಹುಡುಗಿಯರೂ ಒಂದೇ ಬಗೆಯ ಕಪ್ಪು ಕೋಟು ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. "ನಾವು ಜಸ್ಟ್ ನೋಡ್ಲಿಕ್ಕೆ ಬಂದದ್ದು," ಎಂದಳು ಮಗಳು, ನನಗಲ್ಲ, ತಾಯಿಗೆ.

ಮುಖ್ಯ ಅತಿಥಿ ಅಬುಧಾಬಿಯಿಂದ ಬರಬೇಕಿತ್ತು. "ಇನ್ನೈದೇ ನಿಮಿಷ" ಎಂದು ಮುಕ್ಕಾಲು ಗಂಟೆಯಾಗಿತ್ತು. ನಿರೂಪಕಿಯ ಜೋಕುಗಳು ಮುಗಿದಿದ್ದವು. ಸ್ವಾಗತ ಭಾಷಣ ಎರಡು ಸಲ ಆಗಿತ್ತು. ಸನ್ಮಾನದ ಶಾಲು, ಮೈಸೂರು ಪೇಟ ಹಿಡಿದುಕೊಂಡೇ ಕಾರ್ಯದರ್ಶಿಗಳು ನನ್ನ ಬಳಿ ಓಡಿಬಂದರು. "ಜನ ಏಳ್ತಾ ಇದ್ದಾರೆ! ಏನಾದ್ರೂ ಉಂಟಾ? ಏನಾದ್ರೂ!"

"ಐದು ಹುಡುಗಿಯರು. ನಾಲ್ಕು ನಿಮಿಷ," ಎಂದೆ. ಆ ವರ್ಷದ ನನ್ನ ಅತಿ ದೀರ್ಘ ಭಾಷಣ ಅದು.

"ಯಲ್ಲಾ, ಬೇಗ ಸ್ಟೇಜಿಗೆ ಹತ್ತಿಸಿ!"

ಹುಡುಗಿಯರು ಕುಣಿದ ಪರಿಗೆ, ಹೊರಡಲು ಎದ್ದವರು ನಿಂತಲ್ಲೇ ನಿಂತರು. ಡೋಲು ಏರಿತು. ಸ್ತಬ್ಧವಾಯಿತು. ಅದೇ ಕ್ಷಣ ಬಾಗಿಲಲ್ಲಿ ಮುಖ್ಯ ಅತಿಥಿ ಕಾಣಿಸಿಕೊಂಡರು. ಹಾಡು ಮುಗಿಯಿತೆಂದುಕೊಂಡ ಕಾರ್ಯದರ್ಶಿಗಳು ಶಾಲು, ಪೇಟ ಸಮೇತ ವೇದಿಕೆಗೆ ಹಾರಿ, ನಟ್ಟನಡುವೆ ನಿಂತು, "ಇದೀಗ ನಮ್ಮ ನಾಡಿನ ಪರಂಪರೆಯಂತೆ..." ಎಂದರು.

ಡೋಲು ಸಿಡಿಯಿತು.

ಲೀಡರ್‌ಗೆ ಕೋಟು ಹೊದಿಸುವುದು ನನ್ನ ಮಗಳ ಪಾಲಿನ ಕೆಲಸ. ನಡುವೆ ಇರುವವರೇ ಲೀಡರ್, ಏನೇ ಆದರೂ ಕುಣಿತ ನಿಲ್ಲಬಾರದು ಎಂಬುದು ಅವರ ಶಿಸ್ತು. ಅವಳು ಕಾರ್ಯದರ್ಶಿಗಳ ಕೈಯಿಂದಲೇ ಶಾಲು ಸೆಳೆದು ಅವರಿಗೇ ಹೊದಿಸಿದಳು. ಇನ್ನೊಬ್ಬಳು ಪೇಟ ಇಟ್ಟಳು. ಅವರು ಎಡಕ್ಕೆ ತಪ್ಪಿಸಿಕೊಂಡರೆ ಐವರೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕಡೆಗೆ ಪೇಟ ಬೀಳದಂತೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅದು ತಾಳಕ್ಕೆ ಸರಿಯಾಗಿ ಕೂತು ಸಭೆ ಶಿಳ್ಳೆ ಹೊಡೆಯಿತು. ಮುಖ್ಯ ಅತಿಥಿ ವೇದಿಕೆ ಹತ್ತಿ ಅವರ ಕೈ ಕುಲುಕಿ, "ಈ ವಯಸ್ಸಿನಲ್ಲಿ! ಶಾಲು ನಿಮಗೇ ಇರಲಿ," ಎಂದರು.

ಬಳಿಕ ಕಾರ್ಯದರ್ಶಿಗಳು ನನ್ನನ್ನು ಮೂಲೆಗೆ ಕರೆದರು. "ನಡುವೆ ಹಾಡು ನಿಲ್ತದೆ ಅಂತ ನಿಮಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

ಹಿಂದಿನಿಂದ ಮಗಳು ಬಂದು ಕೈ ಹಿಡಿದುಕೊಂಡಳು. "ಥ್ಯಾಂಕ್ಸ್ ಪಪ್ಪಾ."

ಮುಂದಿನ ಸಭೆಯಲ್ಲಿ ನಡಾವಳಿ ಓದಿದೆ: "ಕೊರಿಯನ್ ನೃತ್ಯದಲ್ಲಿ ಕಾರ್ಯದರ್ಶಿಗಳು ಪಾಲ್ಗೊಂಡರು. ಸಂಘದ ಶಾಲು, ಪೇಟಗಳನ್ನು ಅವರಿಗೇ ತೊಡಿಸಲಾಯಿತು." ತಲೆಯೆತ್ತಿ ಕೇಳಿದೆ: "ಯಾರಿಗಾದ್ರೂ ಏನಾದ್ರೂ ಹೇಳ್ಲಿಕ್ಕುಂಟಾ?"

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಳ್ಳತೊಡಗಿದರು.

"ಸರ್ವಾನುಮತ," ಎಂದು ಬರೆದುಕೊಂಡೆ.