ಪೂಜೆಗೆ ಕೂತ ಚೆಂಡು

ಒಡಹುಟ್ಟಿದವರಲ್ಲಿ ದೊಡ್ಡವರು ನಮಗಿಂತ ಮೊದಲು ಮುದುಕರಾಗಬೇಕು ಎಂಬುದು ತಮ್ಮಂದಿರ ಒಂದು ಸಣ್ಣ ಆಸೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಅವರ ಕೂದಲು ಮೊದಲು ನೆರೆಯಬೇಕು, ಅವರಿಗೆ ಮೊದಲು ಕನ್ನಡಕ ಬರಬೇಕು, ಮೆಟ್ಟಿಲು ಹತ್ತುವಾಗ ಅವರಿಗೆ ಮೊದಲು ಏದುಸಿರು ಬರಬೇಕು. ನಾವು ಹಿಂದಿನಿಂದ ಕೈ ಹಿಡಿದು “ನಿಧಾನ, ಅಕ್ಕಾ” ಎನ್ನಬೇಕು. ನಮ್ಮ ಮನೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ನನಗೆ ನಲವತ್ತೆಂಟು, ಇಂದಕ್ಕನಿಗೆ ಐವತ್ತಮೂರು. ಮನೆಗೆ ಹತ್ತುವ ಮರದ ಮೆಟ್ಟಿಲು ಹದಿನೇಳು. ಒಂಬತ್ತನೆಯದಕ್ಕೆ ನಾನು ನಿಂತು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿರುವಂತೆ ನಟಿಸುತ್ತೇನೆ. ಅಕ್ಕ ಬಗಲಲ್ಲಿ ಬಾಸ್ಕೆಟ್‌ಬಾಲ್ ಇರುಕಿಕೊಂಡು ನನ್ನನ್ನು ದಾಟಿ ಹೋಗುತ್ತ, “ಇವತ್ತ ಯಾವ ತಿಥಿ ಅದನೋ ಗುರ್ಯಾ?” ಎಂದು ಕೇಳುತ್ತಾಳೆ.

ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ಕೆಳಗೆ ನಮ್ಮ ಅಂಗಡಿ, ಮೇಲೆ ಮನೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಖಡಕ್ ರೊಟ್ಟಿ ಮಾರುತ್ತೇವೆ. ಅಕ್ಕ ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕು. ಮದುವೆ ಬೇಡವೆಂದಳು, ನಮ್ಮೊಡನೆಯೇ ಇದ್ದಾಳೆ. ಸಂಜೆ ಅವಳು ಮೇಲೆ ಚೆಂಡು ಬಡಿಯತೊಡಗಿದರೆ ಕೆಳಗೆ ಡಬ್ಬಿಗಳ ಮುಚ್ಚಳ ತಾಳ ಹಾಕುತ್ತವೆ. ಮೊದಲ ದಿನ ಎದುರುಮನೆಯ ಜೋಶಿ ಅಜ್ಜಿ ಮೇಲೆ ನೋಡಿ, “ಕಾಯ ಹೋ, ವರ ಚಟಣೀ ಕುಟತಾಯ ಕಾ?” ಎಂದು ಮರಾಠಿಯಲ್ಲಿ ಕೇಳಿದರು. ಮೇಲೆ ಚಟ್ನಿ ಕುಟ್ಟುತ್ತಿದ್ದೀರಾ ಎಂದು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ಸುಮ್ಮನೆ ವಿನಯದಿಂದ ನಕ್ಕೆ. ವಾರದೊಳಗೆ, ಇವರ ಚಟ್ನಿ ಮಿಕ್ಸರಿನದಲ್ಲ, ಒರಳಿನದು ಎಂದು ಇಡೀ ಓಣಿಗೆ ಸುದ್ದಿಯಾಯಿತು. ಅಕ್ಕನ ಆಟದಿಂದ ನನಗೆ ತೊಂದರೆಯೇ ಆಗಿದೆ ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ.

ತೊಂದರೆ ಬೇರೆಡೆ ಇತ್ತು. ಮೊಣಕಾಲಿಗೆ ತಂಪು ಕೊಡಲು ಅವಳು ಫ್ರಿಜ್ಜಿನಲ್ಲಿ ಬಟಾಣಿ ಪೊಟ್ಟಣ ಇಟ್ಟಿದ್ದಳು. ಅಕ್ಕನ ಮೊಣಕಾಲಿನ ಮೇಲೆ ಕೂತಿದ್ದ ಅದೇ ಬಟಾಣಿಯ ಪಲ್ಯವನ್ನು ನಾವೆಲ್ಲ ತಿಳಿಯದೆ ಒಂದು ರವಿವಾರ ಚಪ್ಪರಿಸಿ ತಿಂದೆವು. ಆಮೇಲೆ ಈ ವರ್ಷ ಅವಳಿಗೆ ಎಡಗೈ ಕಲಿಯುವ ಹುಚ್ಚು ಹಿಡಿಯಿತು. “ಬಲಗೈ ಎಲ್ಲಾರಿಗೂ ಗೊತ್ತಾಗಿಬಿಟ್ಟದ. ಈ ಕಡಿ ಬಂದು ನಿಂತುಬಿಡ್ತಾರ” ಎಂದಳು. ಎಡಗೈಯಿಂದ ಕಸ ಗುಡಿಸಿದಳು, ಎಡಗೈಯಿಂದ ಬೀಗ ತೆಗೆದಳು. ರಜೆಯ ದಿನ ಗಲ್ಲೆಯ ಮೇಲೆ ಕೂತು ಗಿರಾಕಿಯೊಬ್ಬರಿಗೆ ಚಟ್ನಿ ಪೊಟ್ಟಣವನ್ನು ಎಡಗೈಯಲ್ಲಿ ಚಾಚಿದಳು. ಆ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, “ಎಡಗೈಲೆ ಕೊಡ್ತೀರೇನ್ರಿ?” ಎಂದು ಹೋದವರು ಒಂದು ತಿಂಗಳು ನಮ್ಮ ಅಂಗಡಿಯ ಮುಂದೆ ಹಾಯಲಿಲ್ಲ.

“ಐವತ್ತಮೂರಕ್ಕ ಇದೆಲ್ಲಾ ಕಲ್ತು ಏನ ಮಾಡಾಕಿ ಅಕ್ಕಾ?” ಎಂದೆ.

“ಐವತ್ನಾಲ್ಕಕ್ಕ ಆಡ್ತೀನಿ” ಎಂದಳು.

ಇಷ್ಟೇ ಅವಳ ಸಿದ್ಧಾಂತ. ಮೊದಲಿನಂತೆ ಹಾರಲು ಆಗುವುದಿಲ್ಲವಲ್ಲ ಎಂದು ನಾನು ಚುಚ್ಚಿದರೆ, “ಹಾರೂದು ಹೋತು, ನೋಡೂದು ಬಂತು. ಹದಿನಾರಕ್ಕ ನನಗ ಬುಟ್ಟಿ ಒಂದಾ ಕಾಣ್ತಿತ್ತು. ಈಗ ಯಾರು ಎಲ್ಲಿ ನಿಂತಾರ, ಎಲ್ಲಾ ಕಾಣ್ತದ” ಎನ್ನುತ್ತಾಳೆ. ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ, ಐದೂವರೆಗೆ ಏಳುತ್ತಾಳೆ, ಸೋತ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಾಳೆ.

ಹದಿನಾರು ಎಂದಳಲ್ಲ, ಇನ್ನು ಅದನ್ನೂ ಹೇಳಿಬಿಡಬೇಕು. ಹದಿನಾರಕ್ಕೆ ಅವಳು ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಳು. ನನಗೆ ಹನ್ನೊಂದು. ಶಾಲೆಯ ಓಟದಲ್ಲಿ ನಾನು ಕೊನೆಗೆ ಬಂದ ದಿನವೇ ಅವಳಿಗೆ ಮೈದಾನದ ತುಂಬ ಚಪ್ಪಾಳೆ. ಮಾಸ್ತರರು ನನ್ನ ಹೆಸರನ್ನೂ ಹಿಡಿಯದೆ “ಇಂದುಮತಿಯ ತಮ್ಮ” ಎಂದರು. ಮನೆಗೆ ಬಂದವನೇ ಅಪ್ಪನ ಮುಂದೆ, “ಅಕ್ಕ ಚಡ್ಡಿ ಹಾಕ್ಕೊಂಡು ಗಂಡಸರ ಮುಂದ ಜಿಗಿತಾಳ” ಎಂದು ಊದಿದೆ. ಅಪ್ಪ ಅವಳ ಬೂಟನ್ನು ಅಟ್ಟದ ಮೇಲೆ ಹಾಕಿದರು. ಅವಳು ಮತ್ತೆ ಚೆಂಡು ಮುಟ್ಟಿದ್ದು ನಲವತ್ತೈದಕ್ಕೆ, ಬೆಳಗಿನ ವಾಕಿಂಗಿಗೆ ಹೋದಲ್ಲಿ ನಾಲ್ಕು ಹೆಂಗಸರು ಆಡುವುದನ್ನು ಕಂಡ ಮೇಲೆ. ನಡುವಿನ ಇಪ್ಪತ್ತೊಂಬತ್ತು ವರ್ಷ ನನ್ನ ಬಾಯಿಂದ ಹೋದದ್ದು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಇಷ್ಟು ಲೆಕ್ಕ ಬರುತ್ತದೆ.

ಇಂಥ ತಪ್ಪು ಮಾಡಿದವನು ಮತ್ತೊಮ್ಮೆ ಮಾಡಬಾರದು. ನಾನು ಮಾಡಿದೆ.

ಈ ಸಲದ ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಸಂಜೆ ನಾಲ್ಕಕ್ಕೆ ನಿಗಡಿಯಲ್ಲಿ ಐವತ್ತು ದಾಟಿದ ಹೆಂಗಸರ ಪಂದ್ಯಾವಳಿಯ ಫೈನಲ್. ಅಕ್ಕನ ತಂಡದಲ್ಲಿ ಏಳು ಜನ. ಒಬ್ಬರು ಮಗಳ ಬಾಣಂತನಕ್ಕೆ ಹೋಗಿದ್ದರು, ಇನ್ನೊಬ್ಬರ ಪಾದ ಉಳುಕಿತ್ತು. ಉಳಿದವರು ಸರಿಯಾಗಿ ಐದು. ಐವರಿಲ್ಲದಿದ್ದರೆ ಆಟ ಶುರುವಾಗುವುದಿಲ್ಲ, ಎದುರಿನವರೇ ಗೆದ್ದಂತೆ. ಹಿಂದಿನ ವಾರ ಅಕ್ಕ ಬಿದ್ದು ಮೊಣಕಾಲು ಬಾತಿತ್ತು. ಅದಕ್ಕೇ ಅವಳು ಹೋಗಬಾರದು ಎಂದು ನಾನು ಹೆಂಡತಿಗೆ ಹೇಳಿದೆ, ಜೋಶಿ ಅಜ್ಜಿಗೆ ಹೇಳಿದೆ, ದೇವರಿಗೂ ಹೇಳಿದೆ. ದೇವರು ನಂಬಿರಲಿಕ್ಕಿಲ್ಲ. ಒಂಬತ್ತನೆಯ ಮೆಟ್ಟಿಲಿನ ಮೇಲೆ ನಿಂತು ನಿಂತು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದ ಉರಿಗೆ ನಾನು ಕಾಳಜಿ ಎಂದು ಹೆಸರಿಟ್ಟಿದ್ದೆ.

ನಮ್ಮ ಮನೆಯ ಪದ್ಧತಿ ಹೀಗಿದೆ: ನವಮಿಯ ದಿನ ತಕ್ಕಡಿ, ಮಿಕ್ಸರು, ಕತ್ತರಿ, ಅಕ್ಕನ ಪೆನ್ನು, ಎಲ್ಲವನ್ನೂ ಮಣೆಯ ಮೇಲಿಟ್ಟು ಪೂಜೆ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅಕ್ಕ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾಳೆಂದರೆ ಒಂದು ಸಲ ಪೋಸ್ಟ್‌ಮನ್ ಕಾಗದಕ್ಕೆ ಸಹಿ ಕೇಳಿದಾಗ “ನಾಳೆ ಬರ್ರಿ” ಎಂದು ಕಳಿಸಿದ್ದಳು. ಈ ಸಲ ನವಮಿಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಚೆಂಡನ್ನು ತಂದು ತಕ್ಕಡಿಯ ಪಕ್ಕದಲ್ಲಿಟ್ಟೆ. ಬೂಟನ್ನು ತೊಳೆದು ಮಣೆಯ ಕೆಳಗೆ ಇಟ್ಟೆ. ಅರಿಶಿನ, ಕುಂಕುಮ, ಝೇಂಡು ಹೂವಿನ ಹಾರ. “ಬೂಟಿಗೆ ಕುಂಕುಮಾನ್ರಿ?” ಎಂದು ಹೆಂಡತಿ ಹೌಹಾರಿದಳು. “ಸ್ಕೂಟರಿನ ಗಾಲಿಗೆ ಹಚ್ಚೂದಿಲ್ಲೇನು?” ಎಂದು ಬಾಯಿ ಮುಚ್ಚಿಸಿ ಆರತಿ ಎತ್ತಿಬಿಟ್ಟೆ. ಓಣಿಯ ಕ್ರಿಕೆಟ್ಟಿನಲ್ಲಿ ಬ್ಯಾಟಿನ ಧಣಿ ಮನೆಗೆ ಹೋದರೆ ಆಟ ಮುಗಿಯಿತು. ಚೆಂಡು ಅಕ್ಕನದು. ಚೆಂಡು ಪೂಜೆಗೆ ಕೂತರೆ ನಿಗಡಿಯಲ್ಲಿ ಯಾರು ಏನನ್ನು ಆಡುತ್ತಾರೆ?

ಎರಡು ಗಂಟೆಗೆ ಅಕ್ಕ ತಯಾರಾಗಿ ಬಂದಳು. ಮಣೆ ನೋಡಿದಳು. ನನ್ನನ್ನು ನೋಡಿದಳು. ಹನ್ನೊಂದು ವರ್ಷದ ಹುಡುಗನಾಗಿ ನಾನು ಮೋರೆ ತಗ್ಗಿಸಿದೆ.

“ಪೂಜಾ ಆಗಿಬಿಟ್ಟದ ಅಕ್ಕಾ. ನೀನಾ ಹೇಳ್ತಿ, ನಾಳೆ ತನಕ ಮುಟ್ಟಬಾರದು.”

“ಹೌದು, ಮುಟ್ಟಬಾರದು. ಆದ್ರ ಆಟದ ಚೆಂಡು ಅವರದಾ ಇರ್ತದೋ ಹುಚ್ಚಪ್ಪಾ. ನಮ್ಮ ನಮ್ಮ ಚೆಂಡು ತೊಗೊಂಡು ಹೋಗ್ಲಿಕ್ಕೆ ಅದೇನು ಡಬ್ಬಿ ಊಟ ಏನು?”

“ಬೂಟು?”

ಅಕ್ಕ ಮಂಚದ ಕೆಳಗೆ ಬಗ್ಗಿ ಒಂದು ಪೆಟ್ಟಿಗೆ ಎಳೆದಳು. ಮೂರು ವರ್ಷದ ಹಿಂದೆ ಡಾಕ್ಟರರು ನನಗೆ ದಿನಾ ನಡೆಯಲು ಹೇಳಿದಾಗ ಕೊಂಡ ಬೂಟು. ಒಳಗೆ ತುರುಕಿದ್ದ ಕಾಗದ ಕೂಡ ಹಾಗೇ ಇತ್ತು. “ಇದು ಪೂಜಾಕ್ಕ ಬರೂದಿಲ್ಲ. ದುಡಿದದ್ದಕ್ಕ ಪೂಜಾ. ಇದು ಒಂದ ದಿನಾನೂ ದುಡಿದಿಲ್ಲ” ಎಂದು ಎರಡೆರಡು ಕಾಲುಚೀಲ ಏರಿಸಿ, ಲಾಡಿ ಬಿಗಿದು, “ನಡಿ, ನನ್ನ ಬಿಡು” ಎಂದಳು. ಸ್ಕೂಟರಿಗೆ ನಾನೇ ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿದ್ದೆ. ರಿಕ್ಷಾ ಹಿಡಿದೆವು. ಅದಕ್ಕೂ ಹಾರ ಹಾಕಿತ್ತು. ಅದರ ಧಣಿ ದೇವರೊಡನೆ ಬೇರೆ ಒಪ್ಪಂದ ಮಾಡಿಕೊಂಡಿದ್ದ.

ಆಟದ ವಿವರ ನನ್ನನ್ನು ಕೇಳಬೇಡಿ. ಸೀಟಿ ಊದಿದಾಗೆಲ್ಲ ಯಾರದೋ ತಪ್ಪು, ಯಾರದು ಎಂದು ನನಗೆ ತಿಳಿಯುತ್ತಿರಲಿಲ್ಲ. ಆದರೆ ಅಕ್ಕ ಓಡಿದ್ದು ಕಡಿಮೆ, ಎಲ್ಲರನ್ನೂ ಓಡಿಸಿದ್ದು ಹೆಚ್ಚು ಎಂಬುದು ನನಗೂ ಕಂಡಿತು. ತಿರುಗಿ ನೋಡದೆ ಹಿಂದಕ್ಕೆ ಚೆಂಡು ಬಿಡುತ್ತಿದ್ದಳು, ಅಲ್ಲಿ ತಮ್ಮವರೇ ಇರುತ್ತಿದ್ದರು. ಇನ್ನು ಹತ್ತಿಪ್ಪತ್ತು ಸೆಕೆಂಡು ಇದೆ ಎನ್ನುವಾಗ ನಮ್ಮವರು ಒಂದು ಪಾಯಿಂಟ್ ಹಿಂದೆ. ಚೆಂಡು ಅಕ್ಕನ ಕೈಗೆ ಬಂತು. ಎದುರಿನ ಎತ್ತರದ ಹೆಂಗಸು ಅವಳ ಬಲಗೈ ಕಡೆ ಗೋಡೆಯಂತೆ ಬಂದು ನಿಂತಳು. ಅಕ್ಕ ಬಲಕ್ಕೆ ವಾಲಿದಂತೆ ಮಾಡಿ, ಚೆಂಡನ್ನು ಎಡಕ್ಕೆ ದಾಟಿಸಿ ಎರಡು ಹೆಜ್ಜೆ ಹಾಕಿ, ಕಸ ಗುಡಿಸಿದ, ಬೀಗ ತೆಗೆದ, ಗಿರಾಕಿಯನ್ನು ಓಡಿಸಿದ ಅದೇ ಎಡಗೈಯಿಂದ ಚೆಂಡನ್ನು ಮೇಲಕ್ಕೆ ಬಿಟ್ಟಳು. ಅದು ಹಲಗೆಗೆ ತಾಗಿ ಬುಟ್ಟಿಯೊಳಗೆ ಇಳಿಯಿತು. ನಾನು ಕಟ್ಟೆಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದೆ. ಕಟ್ಟೆ ಎತ್ತರವಿತ್ತು, ಹೇಗೆ ಹತ್ತಿದೆನೋ ಗೊತ್ತಿಲ್ಲ, ಇಳಿಯಲು ಇಬ್ಬರು ಕೈ ಕೊಡಬೇಕಾಯಿತು. “ನೀವು ಯಾರು?” ಎಂದು ಅವರು ಕೇಳಿದರು. “ಇಂದುಮತಿಯ ತಮ್ಮ” ಎಂದೆ. ಮೂವತ್ತೇಳು ವರ್ಷ ಆ ಮಾತು ಗಂಟಲಲ್ಲಿ ಮುಳ್ಳಾಗಿತ್ತು. ಅಂದು ಪೇಡೆಯಂತೆ ಬಂತು.

ಮರಳುವಾಗ ರಿಕ್ಷಾದಲ್ಲಿ, ತೊಡೆಯ ಮೇಲೆ ಕಪ್ ಇಟ್ಟುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಇಂದಿನ ಪೂಜೆಯನ್ನೂ, ಅಂದಿನ ಚಡ್ಡಿಯನ್ನೂ.

“ಗೊತ್ತಿತ್ತೋ” ಎಂದಳು ಅಕ್ಕ. “ನಿನ್ನ ತಮ್ಮ ನಿನ್ನ ಭಾಳ ಕಾಳಜಿ ಮಾಡ್ತಾನ ಅಂತ ಅಪ್ಪ ಅವತ್ತಾ ಹೇಳಿದ್ರು.”

“ಸಿಟ್ಟು ಬರಲಿಲ್ಲೇನು?”

“ಬಂತು. ಇಪ್ಪತ್ತೊಂಬತ್ತು ವರ್ಷ ಇತ್ತು. ಚೆಂಡು ಸಿಕ್ಕ ಮ್ಯಾಲ ಸಿಟ್ಟು ಹಿಡಕೊಳ್ಳಿಕ್ಕೆ ಕೈ ಖಾಲಿ ಇಲ್ಲ ನೋಡು.”

ಮನೆಗೆ ಬಂದ ಕೂಡಲೇ ಅವಳು ನನ್ನ ಬೂಟು ಬಿಚ್ಚಿ, ಮಣ್ಣು ಒರೆಸಿ, ತನ್ನ ಬೂಟಿನ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು. “ಇವತ್ತ ದುಡೀತು. ನಾಳೆ ಬನ್ನಿ ಕೊಟ್ಟ ಮ್ಯಾಲ ನೀ ಹಾಕ್ಕೋ. ನಾಡದು ಐದೂವರಿಗೆ ಏಳು.” ದಸರೆ ಬಾರದಿರಲಿ ಎಂದು ಬೇಡಿಕೊಂಡ ಮೊದಲ ಕನ್ನಡಿಗ ನಾನೇ ಇರಬೇಕು. ದಸರೆ ಬಂತು.

ಈಗ ಮೈದಾನಕ್ಕೆ ಎರಡು ಸುತ್ತು ಹಾಕುತ್ತೇನೆ. ಕ್ಯಾಲೆಂಡರು ಇರುವುದು ಒಂಬತ್ತನೆಯ ಮೆಟ್ಟಿಲಿಗೆ, ನಾನು ನಿಲ್ಲುವುದು ಈಗ ಹದಿಮೂರನೆಯದಕ್ಕೆ. ಅಲ್ಲಿ ಓದಲು ಏನೂ ಇಲ್ಲ. ಮೊನ್ನೆ ಸಂಜೆ ಅಕ್ಕ ಗಲ್ಲೆಯ ಮೇಲೆ ಕೂತು, “ಮ್ಯಾಲೆ ಹೋಗಿ ಇನ್ನೂರು ಸಲ ಚೆಂಡು ಬಡಿ, ಎಡಗೈಲೆ” ಎಂದು ನನ್ನನ್ನು ಅಟ್ಟಿದಳು. ಇಪ್ಪತ್ತು ಬಡಿಯುವುದರೊಳಗೆ ಚೆಂಡು ಮೂರು ಸಲ ಮಂಚದ ಕೆಳಗೆ ಹೋಯಿತು. ಕೆಳಗಿನಿಂದ ಜೋಶಿ ಅಜ್ಜಿಯ ದನಿ ಕೇಳಿಸಿತು: “ಇಂದುತಾಈ, ಆಜ ಕುಟಾಯಲಾ ನವೀನ ಬಾಈ ಠೇವಲೀ ಕಾ?” ಇವತ್ತು ಕುಟ್ಟಲು ಹೊಸ ಹೆಂಗಸನ್ನು ಇಟ್ಟುಕೊಂಡಿರೇನು ಎಂದು.

“ಹೋ ಆಜೀ” ಎಂದಳು ನನ್ನ ಅಕ್ಕ, “ನವೀನ ಆಹೇ. ಶಿಕತೇಯ.”

ಹೌದು ಅಜ್ಜಿ, ಹೊಸಬಳು, ಕಲಿಯುತ್ತಿದ್ದಾಳೆ. ನಾನು ಅಲ್ಲವೆನ್ನಲಿಲ್ಲ. ಮಂಚದ ಕೆಳಗೆ ಬಗ್ಗಿದೆ.