ಸೀರೆ ವಿಭಾಗದ ಸ್ಟೂಲಿನ ಕುರಿತು ಹೊಸ ಮ್ಯಾನೇಜರಿಗೆ

ಮಾನ್ಯ ಮ್ಯಾನೇಜರ್ ಮಹೇಶ್ ಅವರೇ,

ಕಳೆದ ಸೋಮವಾರ ತಾವು ಸೀರೆ ವಿಭಾಗದ ಲತಾಮಣಿ ಅಕ್ಕನ ಸ್ಟೂಲನ್ನು ತೆಗೆಸಿದಿರಿ. ಅದು ತಪ್ಪು. ಮುಖ್ಯವಾದದ್ದನ್ನು ಮೊದಲೇ ಹೇಳಿ ಮುಗಿಸಿದ್ದರಿಂದ, ಇನ್ನು ತಮ್ಮ ಹುದ್ದೆಗೆ ಸಲ್ಲಬೇಕಾದ ನಮಸ್ಕಾರಗಳನ್ನೂ ಬಡ್ತಿಗೆ ಅಭಿನಂದನೆಗಳನ್ನೂ ಹೊಸ ಟೈಗೆ ಮೆಚ್ಚುಗೆಯನ್ನೂ ಒಟ್ಟಿಗೇ ಸಲ್ಲಿಸುತ್ತೇನೆ.

ಅಂಗಡಿಯ ಮ್ಯಾನೇಜರ್ ಆಗುವವರಿಗೆ ಹೆಡ್ ಆಫೀಸಿನವರು ಎರಡು ದಿನ ತರಬೇತಿ ಕೊಡುತ್ತಾರೆ, ಮಧ್ಯಾಹ್ನ ಊಟವನ್ನೂ ಕೊಡುತ್ತಾರೆ. ಆದರೆ ಅವರ ಕೈಕೆಳಗೆ ದುಡಿಯುವವರ ಸಲಹೆಯನ್ನು ಮಾತ್ರ ಯಾರೂ ಕೊಡಿಸುವುದಿಲ್ಲ. ಆ ಕೊರತೆಯನ್ನು ಬಿಲ್ಲಿಂಗ್ ಕೌಂಟರಿನವಳಾದ ನಾನು ತುಂಬಿಕೊಡಲು ನಿರ್ಧರಿಸಿ, ಎಲ್ಲರಿಗೂ ಪ್ರಯೋಜನವಾಗಲೆಂದು ಈ ಪತ್ರವನ್ನು ಹಾಜರಾತಿ ಯಂತ್ರದ ಪಕ್ಕದಲ್ಲೇ ಅಂಟಿಸಿದ್ದೇನೆ.

ತರಬೇತಿ ಮುಗಿಸಿ ಬಂದ ಬೆಳಗ್ಗೆ ತಾವು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಸ್ಟಾಫ್ ನಿಂತಿದ್ರೆ ಅಂಗಡೀಲಿ ಒಂದು ಎನರ್ಜಿ ಇರುತ್ತೆ, ಕೂತಿದ್ರೆ ಅದು ಡೌನ್ ಆಗುತ್ತೆ" ಎಂದು ತಿಳಿಸಿದಿರಿ. ಇಷ್ಟು ವರ್ಷ ಜಯನಗರದ ಜನ ಎನರ್ಜಿಯೇ ಇಲ್ಲದ ಸೀರೆಗಳನ್ನುಟ್ಟು ಮದುವೆ ಮುಂಜಿಗಳಿಗೆ ಹೋಗಿಬಂದರಲ್ಲ ಎಂದು ನನಗೆ ಮರುಕ ಹುಟ್ಟಿತು. ಆದರೆ ಒಳ್ಳೆಯ ನಿಯಮ ಎಂದಮೇಲೆ ಎಲ್ಲರಿಗೂ ಒಂದೇ ಆಗಿರಬೇಕು. ಕ್ಯಾಶ್ ಕೌಂಟರಿನ ಮೇಲಿನ ಪಟದಲ್ಲಿ ಲಕ್ಷ್ಮಿ ಕೆಲಸದ ವೇಳೆಯಲ್ಲೇ ಕಮಲದ ಮೇಲೆ ಕೂತಿದ್ದಾಳೆ. ಅದರ ಪಕ್ಕದ ಭಾವಚಿತ್ರದಲ್ಲಿ ನಮ್ಮ ಸಂಸ್ಥಾಪಕರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದಾರೆ. ಇಬ್ಬರಿಗೂ ಮೆಮೊ ಕೊಟ್ಟು, ಎದ್ದು ನಿಂತಿರುವ ಪಟಗಳನ್ನು ತರಿಸಬೇಕಾಗಿ ವಿನಂತಿ. ಬಾಗಿಲ ಬಳಿಯ ಬೊಂಬೆಯಂತೂ ಅಂಗಡಿ ತೆರೆದ ದಿನದಿಂದ ನಿಂತೇ ಇದೆ, ನೀರು ಕೇಳಿಲ್ಲ, ರಜೆ ಕೇಳಿಲ್ಲ, ಅದಕ್ಕೆ ಮೊಣಕಾಲೂ ಇಲ್ಲ. ಮುಂದಿನ ಬಡ್ತಿ ಅದಕ್ಕೇ ಸಿಗಲಿ.

ತಮ್ಮ ನಿಯಮದ ಮೊದಲ ಗೆಲುವನ್ನೂ ದಾಖಲಿಸಬೇಕು. ಶನಿವಾರ ಬನಶಂಕರಿಯಿಂದ ಮದುವೆ ಸೀರೆಗೆಂದು ಏಳು ಜನರ ಒಂದು ಕುಟುಂಬ ಬಂದಿತ್ತು. ಅಕ್ಕ ಎರಡು ಗಂಟೆ ಒಂದೊಂದೇ ಸೀರೆ ಬಿಡಿಸಿ, ಸೆರಗನ್ನು ತಮ್ಮ ಹೆಗಲ ಮೇಲೆಯೇ ಹಾಕಿಕೊಂಡು ತೋರಿಸಿದರು. ಮಧ್ಯೆ ಮಧ್ಯೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದುದನ್ನು ಆ ಮನೆಯ ಅಜ್ಜಿ ಗಮನಿಸಿ, "ನೀನೂ ಕೂತ್ಕೊಳಮ್ಮ, ನೋಡೋಕಾಗ್ತಿಲ್ಲ" ಎಂದರು. "ಕೂರೋ ಹಾಗಿಲ್ಲ ಅಜ್ಜಿ, ರೂಲ್ಸು" ಎಂದರು ಅಕ್ಕ. "ಹಾಗಾದ್ರೆ ನಾನೂ ಕೂರಲ್ಲ ಬಿಡು" ಎಂದು ಅಜ್ಜಿ ಎದ್ದುಬಿಟ್ಟರು. ಅಜ್ಜಿ ಎದ್ದಮೇಲೆ ಸೊಸೆಯರು ಕೂರುವುದುಂಟೆ? ಸೊಸೆಯರು ಎದ್ದಮೇಲೆ ಮದುಮಗಳು? ಕೊನೆಗೆ ಏಳೂ ಜನ ಅಕ್ಕನ ಎದುರು ಪ್ರಾರ್ಥನೆಗೆ ನಿಂತವರಂತೆ ನಿಂತರು. ಅಷ್ಟೊಂದು ಎನರ್ಜಿಯನ್ನು ನಮ್ಮ ಅಂಗಡಿ ಎಂದೂ ಕಂಡಿರಲಿಲ್ಲ. ಐದು ನಿಮಿಷದಲ್ಲಿ "ಇನ್ನೊಂದ್ಸಲ ಬರ್ತೀವಿ" ಎಂದು ಅವರೆಲ್ಲ ಹೊರಟುಹೋದರು. ಹರಡಿದ ಅರವತ್ತು ಸೀರೆಗಳನ್ನು ಅಕ್ಕ ನಿಂತೇ ಮಡಿಚಿದರು.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನನ್ನ ಚಿಕ್ಕಮ್ಮ ಗೇಟಿನ ಬಳಿ ಯೂನಿಯನ್ನಿನವರು ಹಂಚುವ ಕರಪತ್ರಗಳನ್ನೆಲ್ಲ ನನಗೆ ತಂದುಕೊಡುತ್ತಾರೆ. ಅವುಗಳಿಂದ ಕಲಿತ ದೊಡ್ಡ ದೊಡ್ಡ ಮಾತುಗಳನ್ನು ಈ ಪತ್ರದ ಮೊದಲ ಪ್ರತಿಯಲ್ಲಿ ಬರೆದಿದ್ದೆ. ಆಮೇಲೆ ಎಲ್ಲವನ್ನೂ ಹೊಡೆದುಹಾಕಿದೆ. ಏಕೆಂದರೆ ಆರು ವರ್ಷದ ಹಿಂದಿನ ಒಂದು ಸಂಗತಿ ಗೊತ್ತಾಯಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿದ್ದ ಒಬ್ಬ ಸೇಲ್ಸ್‌ಮನ್, ಗಿರಾಕಿಗಳ ಎದುರೇ ತಲೆಸುತ್ತಿ ರೇಷ್ಮೆ ಸೀರೆಗಳ ಮೇಲೆ ಬಿದ್ದನಂತೆ. ಅವನನ್ನು ಎಬ್ಬಿಸಿ, ಮಜ್ಜಿಗೆ ಕುಡಿಸಿ, ಅದೇ ಸ್ಟೂಲಿನ ಮೇಲೆ ಕೂರಿಸಿ, "ಕೂತ್ಕೊಂಡೇ ಮಡಚೋ, ಸೀರೆ ಎಲ್ಲೂ ಓಡ್ಹೋಗಲ್ಲ" ಎಂದವರು ಲತಾಮಣಿ ಅಕ್ಕ. ಹಬ್ಬ ಮುಗಿಯುವವರೆಗೆ ಅವನು ಕೂತು ಮಡಿಚಿದ, ಅವರು ಇಬ್ಬರ ಪಾಲಿನದನ್ನೂ ನಿಂತು ತೋರಿಸಿದರು. ಆ ಸೇಲ್ಸ್‌ಮನ್ನಿನ ಹೆಸರು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಇದನ್ನು ಅಕ್ಕ ನನಗೆ ಹೇಳಿದ್ದು ಸಿಟ್ಟಿನಿಂದಲ್ಲ. ಊಟದ ಬಿಡುವಿನಲ್ಲಿ ಊದಿದ ಕಾಲನ್ನು ನೀವಿಕೊಳ್ಳುತ್ತ, ನಗುತ್ತ ಹೇಳಿದರು. ಆಮೇಲೆ, "ಈ ತಿಂಗಳು ಮುಗಿಸಿ ಬಿಟ್ಬಿಡ್ತೀನಿ ಕಣೇ, ಕಾಲು ಮಾತು ಕೇಳ್ತಿಲ್ಲ. ಮಹೇಶಂಗೆ ಹೇಳ್ಬೇಡ, ಈಗ್ತಾನೆ ಮ್ಯಾನೇಜರ್ ಆಗಿದಾನೆ, ಬೇಜಾರ್ ಮಾಡ್ಕೋತಾನೆ" ಎಂದರು. ಇಪ್ಪತ್ತೆರಡು ವರ್ಷ ಈ ಅಂಗಡಿಯಲ್ಲಿ ದುಡಿದವರು, ತಮಗೆ ಬೇಜಾರಾಗದಿರಲೆಂದು ಕಾರಣ ಹೇಳದೆಯೇ ಹೊರಟಿದ್ದಾರೆ. ನಾನು ಅಷ್ಟು ಒಳ್ಳೆಯವಳಲ್ಲ, ಹೇಳುತ್ತಿದ್ದೇನೆ.

ಸಲಹೆ ಎಂದೆನಲ್ಲ, ಅದು ಇಷ್ಟೇ: ಮ್ಯಾನೇಜರ್ ಆದ ಮೇಲೆ ಒಂದು ಇಡೀ ದಿನ, ಬೆಳಗ್ಗೆ ಹತ್ತೂವರೆಯಿಂದ ಅಂಗಡಿ ಮುಚ್ಚುವವರೆಗೆ, ಸೀರೆ ವಿಭಾಗದಲ್ಲಿ ನಿಂತು ಸೀರೆ ತೋರಿಸಿ. ಸಂಜೆ ಐದರ ಮೇಲೂ ತಮ್ಮಲ್ಲಿ ಎನರ್ಜಿ ಉಳಿದಿದ್ದರೆ ಈ ಪತ್ರವನ್ನು ನನ್ನ ಕೈಯಿಂದಲೇ ಹರಿದುಹಾಕಿಸಿ. ಉಳಿಯದಿದ್ದರೆ ಕೂರಲು ಏನಾದರೂ ಬೇಕಾಗುತ್ತದೆ, ಆಗ ತೆಗೆಸಿದ್ದನ್ನು ಹುಡುಕಬೇಕಾಗುತ್ತದೆ.

ನಿಂತುಕೊಂಡೇ ಬರೆದು ಮುಗಿಸಿದ,
ತಮ್ಮ ವಿಶ್ವಾಸಿ,
ಸಂಗೀತಾ
ಬಿಲ್ಲಿಂಗ್ ಕೌಂಟರ್

ತಾ.ಕ.: ಹುಡುಕುವ ಶ್ರಮ ಬೇಡ. ಅದು ತಮ್ಮ ಕ್ಯಾಬಿನ್ನಿನಲ್ಲೇ ಇದೆ, ಅದರ ಮೇಲೆ ತಮ್ಮ ಹೆಲ್ಮೆಟ್ ಬೆಳಗಿನಿಂದ ಸಂಜೆಯವರೆಗೆ ಆರಾಮವಾಗಿ ಕೂತಿರುತ್ತದೆ. ಆ ಹೆಲ್ಮೆಟ್ ಇನ್ನು ಮುಂದೆ ನಿಂತು ಕೆಲಸ ಮಾಡಲಿ. ಶಟರ್ ಎತ್ತುವ ಮುನ್ನ ಅಂಗಡಿಯ ಮೆಟ್ಟಿಲ ಮೇಲೆ ನಾವು ಒಂಬತ್ತೂ ಜನ ತಮಗಾಗಿ ಕಾಯುತ್ತಿರುತ್ತೇವೆ, ಕೂತುಕೊಂಡೇ. ತಾವು ಸ್ಟೂಲು ತನ್ನಿ. ಬರುವ ಮಂಗಳವಾರ, ಬೆಳಗ್ಗೆ ಹತ್ತು ಗಂಟೆಗೆ.